ಗ್ರೀಕ್‌ನ ಬೂಕೊಲೊಸ್, ಪೊಯ್ಮೇನ್ ಮತ್ತೆ ನಮ್ಮ ಗೋಪಾಲ

ಹಾಸನದ_ಓದುಗ: ನಮಸ್ಕಾರ ಎಲ್ರಿಗೂ. ಹಳೇ ಗ್ರೀಕ್ ಕಲೀತಿದೀನಿ. ದನ ಕಾಯೋನು ಬೂಕೊಲೊಸ್, ಕುರಿ ಕಾಯೋನು ಪೊಯ್ಮೇನ್, ಮೇಕೆ ಕಾಯೋನು ಐಪೊಲೊಸ್, ಹಂದಿ ಕಾಯೋನು ಸುಬೋತೇಸ್, ಒಬ್ಬೊಬ್ಬರಿಗೂ ಬೇರೆ ಹೆಸರು. ಗ್ರೀಕ್ ಕವಿ ಥಿಯೊಕ್ರಿಟಸ್‌ನ ಪದ್ಯದಲ್ಲಿ ದನಗಾಹಿಗೆ ಬೂತಾಸ್ ಅಂತ ಸಿಕ್ತು, ಡಿಕ್ಷನರೀಲಿ ಬೂತೇಸ್ ಅಂತಿದೆ, ಇದು ಡೋರಿಕ್ ಉಪಭಾಷೆ ಅಂತೆ. ಹಂಗಾದ್ರೆ ಪೊಯ್ಮೇನ್ ಯಾಕೆ ಪೊಯ್ಮಾನ್ ಆಗ್ಲಿಲ್ಲ? ಇನ್ನೊಂದು, ಬೂಕೊಲೊಸ್ ಅಂದ್ರೆ ಗೋಪಾಲ ಪದಾನೇ ಅಂತ ಒಬ್ರು ಹೇಳಿದ್ರು, ನಿಜಾನಾ?

ಶಾಸನಪ್ರಿಯ: ಮೊದಲ ಪ್ರಶ್ನೆಗೆ. ಡೋರಿಕ್‌ನೋರು ಏ ಇದ್ದಿದ್ದನ್ನ ಆ ಮಾಡ್ಲಿಲ್ಲ, ಹಳೇ ಆ ಸ್ವರಾನ ಹಂಗೇ ಉಳಿಸ್ಕೊಂಡ್ರು, ಅಥೆನ್ಸ್ ಕಡೆಯೋರು ಅದನ್ನ ಏ ಮಾಡಿದ್ರು. ಬೂತಾಸ್‌ನಲ್ಲಿ ಮೂಲದಲ್ಲೇ ಆ ಇತ್ತು. ಪೊಯ್ಮೇನ್‌ನಲ್ಲಿ ಮೊದಲಿಂದಾನೂ ಏ, ಅದಕ್ಕೇ ಥಿಯೊಕ್ರಿಟಸ್ ಕೂಡ ಪೊಯ್ಮೇನ್ ಅಂತಾನೇ ಬರೀತಾನೆ. ಇದಕ್ಕೆ ಗಟ್ಟಿ ಸಾಕ್ಷಿ ಗ್ರೀಸ್‌ನ ಪೈಲೋಸ್ ಅರಮನೆಯ ಮಣ್ಣಿನ ಹಲಗೆಗಳು, ಕ್ರಿ.ಪೂ. 1200ರ ಸುಮಾರಿನವು, 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿದ ಲೀನಿಯರ್ ಬಿ ಅನ್ನೋ ಹಳೇ ಗ್ರೀಕ್ ಲಿಪಿ. ಅದ್ರಲ್ಲಿ ಕುರಿಗಾಹಿ ಪೊ-ಮೆ, ಹಂದಿ ಕಾಯೋನು ಸು-ಕ್ವೊ-ತ, ಅಂದ್ರೆ ಬೂತಾಸ್ ಥರದ್ದೇ ಕೊನೆ ಇರೋ ಸುಬೋತೇಸ್. ಒಂದ್ರಲ್ಲಿ ಎ, ಇನ್ನೊಂದ್ರಲ್ಲಿ ಅ, ಸ್ಪಷ್ಟವಾಗಿ ಬೇರೆ ಬೇರೆ. ಅರಮನೆ ಲೆಕ್ಕ ಬರೆಯೋನು ಗೀಚಿಟ್ಟಿದ್ದು ಇವತ್ತು ನಮ್ಮ ಅನುಮಾನ ಬಗೆಹರಿಸುತ್ತೆ ಅನ್ನೋದು ನಂಗೆ ಬಹಳ ಖುಷಿ ಕೊಡೋ ವಿಷ್ಯ.

ಧಾರವಾಡ_ಮಾಸ್ತರ: ಗೋಪಾಲ ಅನ್ನೋದು ಅರ್ಧ ಖರೇ ಐತ್ರಿ. ಬೂ ಮತ್ತ ಗೋ ಒಂದ ಮೂಲದ್ದು, ಪೈಲೋಸ್‌ನ್ಯಾಗ ಬೂಕೊಲೊಸ್‌ನ್ನ ಕ್ವೊ-ಉ-ಕೊ-ರೊ ಅಂತ ಬರದಾರ. ಆದ್ರ ಕೊಲೊಸ್ ಅನ್ನೋದು ಪಾಲ ಅಲ್ರಿ, ಅದು ಸಂಸ್ಕೃತದ ಚರ್ ಧಾತುವಿನ ನೆಂಟ, ಅಂದ್ರ ದನದ ಸುತ್ತ ತಿರಗಾಡಾಂವ. ಐಪೊಲೊಸ್‌ನ ಪೊಲೊಸ್ ಸುದ್ದಾ ಅದ ಪದ ನೋಡ್ರಿ! ಹಳೇ ಕ್ವ ಧ್ವನಿ ಉಕಾರ ಆದ ಮ್ಯಾಲ ಬಂದಲ್ಲಿ ಕ ಆತು, ಐಪೊಲೊಸ್‌ನ್ಯಾಗ ಪ ಆತು. ಇನ್ನ ಗೋಪದಾಗಿನ ಪಾ, ಕಾಪಾಡು ಅನ್ನೋ ಅರ್ಥದ್ದು, ಅದರ ಬಳಗ ಇರೋದು ಪೊಯ್ಮೇನ್‌ನ್ಯಾಗ. ಅಂದ್ರ ಗೋಪನ ಅರ್ಧ ದನಗಾಹಿ ಕಡೆ, ಅರ್ಧ ಕುರಿಗಾಹಿ ಕಡೆ. ನಮ್ಮ ಕುರಿಗಾಹಿ, ತುರುಗಾಹಿ ಒಳಗಿನ ಗಾಹಿ ‘ಕಾಯು’ದಿಂದ ಬಂದದ್ದು, ಅದಕ್ಕ ಇದರ ಸಂಬಂಧ ಇಲ್ರಿ, ಅರ್ಥ ಅಷ್ಟ ಒಂದ.

ಹಾಸನದ_ಓದುಗ: ಅಬ್ಬಾ, ಥ್ಯಾಂಕ್ಸ್ ಸರ್. ಹಂಗಾದ್ರೆ ಇಲಿಯಡ್‌ನ 20ನೇ ಭಾಗದಲ್ಲಿ ಎರಿಕ್ಥೋನಿಯಸ್ ಅನ್ನೋ ರಾಜನ 3000 ಕುದುರೆ ಮೇಯೋದಕ್ಕೂ ಬೂಕೊಲೊಸ್‌ನಿಂದ ಆದ ಕ್ರಿಯಾಪದಾನೇ ಹಾಕಿದಾರಲ್ಲ?

ಶಾಸನಪ್ರಿಯ: ಹೌದು, ಅಷ್ಟೊತ್ತಿಗೇ ಕೇಳೋರ ಕಿವಿಗೆ ಅದ್ರೊಳಗಿನ ದನ ಮಸುಕಾಗಿತ್ತು. ಐರಿಶ್‌ನಲ್ಲೂ ದನಗಾಹಿಗಿದ್ದ ಬುಆಖಿಲ್ ಅನ್ನೋ ಪದ ಈಗ ಬರೀ ಹುಡುಗ.

ಕಡಲಾಚೆ_ಕನ್ನಡತಿ: ಒಂದು ಸೇರಿಸ್ತೀನಿ. ಈಗಿನ ಗ್ರೀಕ್‌ನಲ್ಲಿ ಕುರಿಗಾಹಿಗೆ ವೊಸ್ಕೊಸ್ ಜೊತೆ ತ್ಸೊಪಾನಿಸ್ ಅಂತಾನೂ ಅಂತಾರೆ, ಅದು ಟರ್ಕಿಶ್‌ನ ಚೊಬಾನ್‌ನಿಂದ ಬಂದಿದ್ದು, ಟರ್ಕಿಶ್‌ಗೆ ಪರ್ಶಿಯನ್‌ನಿಂದ. ಅದ್ರ ಹಳೇ ಇರಾನಿ ರೂಪದಲ್ಲಿ ನಮ್ಗೆ ಗೊತ್ತಿರೋ ಪಶು, ಅದ್ರ ಜೊತೆ ಮಾಸ್ತರ್ ಹೇಳಿದ ಅದೇ ಪಾ. ಲಿಥುವೇನಿಯನ್‌ನ ಪಿಯೆಮುವೊ ನೇರವಾಗಿ ಪೊಯ್ಮೇನ್ ಬಳಗ, ಫಿನ್ನಿಶ್‌ನವ್ರು ಬಾಲ್ಟಿಕ್ ಕಡೆಯಿಂದ ತಗೊಂಡು ಪೈಮೆನ್ ಅಂತಾರೆ.