2003ರ ವಿಂಟೇಜ್ ಪೋರ್ಟ್ ತೆರೆಯೂದು ಹೆಂಗ?

ಪ್ರಶ್ನೆ (ಜತ್ತ)
2003ರ ವಿಂಟೇಜ್ ಪೋರ್ಟ್ (ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ ಪೋರ್ಚುಗಲ್ಲಿನ ಕಡಕ್ ಸಿಹಿ ವೈನ್) ಒಂದು ಬಾಟಲಿ ಐತಿ. ನಾಲ್ಕು ವರ್ಷದಿಂದ ಕಪಾಟಿನ್ಯಾಗ ನಿಂತೇ ಐತಿ, ಎ.ಸಿ. ಇಲ್ಲ. ಕೆಟ್ಟಿದ್ರ ತೆರೆಯೂ ಮೊದಲ ಗೊತ್ತಾಗ್ತೈತೇನ್ರಿ? ತಳದಾಗ ಕಪ್ಪು ಗಸಿ ಕಾಣಸ್ತೈತಿ. ಜೋಡಿ 2010ರಾಗ ಕೊಂಡ 12 ವರ್ಷದ ಸ್ಕಾಚ್ ಐತಿ, ಅದಕ್ಕೂ ವಯಸ್ಸು ಕೂಡೇತೇನು?

ಉತ್ತರ (ಅಕ್ಕಲಕೋಟೆ)
ಗಸಿ ಕಂಡು ಅಂಜಬ್ಯಾಡ್ರಿ. ವಿಂಟೇಜ್ ಪೋರ್ಟ್ ಪೀಪಾಯಿಯಾಗ ಎರಡು ವರ್ಷದಷ್ಟು ಇದ್ದು, ಸೋಸದೇ ಬಾಟಲಿಗೆ ಇಳೀತದ. ಬಣ್ಣ, ಟ್ಯಾನಿನ್ (ದ್ರಾಕ್ಷಿ ಸಿಪ್ಪಿ-ಬೀಜದ ಒಗರು) ಕೂಡಿ ತಳಕ್ಕ ಕೂಡೂದು ಅದರ ಗುಣ.

ಚಿಂತಿ ಬಿಸಲಿಂದು. ಅದು 12–14 ಡಿಗ್ರಿಯಾಗ, ಮಲಗಿಸಿ ಇಡಬೇಕಾದ ಮಾಲು. ನಮ್ಮ ಕಡೆ ಬ್ಯಾಸಗಿ 40 ದಾಟ್ತದ. ಕಾದ ವೈನ್ ಹಿಗ್ಗಿ ಬಿರಡೆ ಮ್ಯಾಲ ನೂಕ್ತದ. ನಿಂತ ಬಾಟಲಿದು ಬಿರಡೆ ಒಣಗಿ ಸಣ್ಣಾಗಿ ಗಾಳಿ ಬಿಡ್ತದ. ಬಾಯಿಯ ಹೊದಿಕಿ ಉಬ್ಬೇದೇನು, ಕುತ್ತಿಗಿ ಸುತ್ತ ಬೆಲ್ಲದ ಪಾಕ ಒಣಗಿದಂಗ ಅಂಟು ಅದೇನು ನೋಡ್ರಿ. ಹಿಂದಿಂದ ಟಾರ್ಚ್ ಹಿಡೀರಿ: ವೈನಿನ ಮಟ್ಟ ಕುತ್ತಿಗಿಯಾಗಿದ್ರ ಛಲೋ, ಭುಜಕ್ಕಿಂತ ಕೆಳಗ ಇಳಿದಿದ್ರ ಆಸೆ ಕಡಿಮಿ. ಹೊರಗ ಸ್ವಚ್ಛ ಇದ್ದರೂ ಒಳಗ ಬೆಂದಿರಬಹುದು, ಕಡೀ ಮಾತು ಮೂಗಿಂದೇ.

ಉತ್ತರ (ಸೋಲಾಪುರ)
ತೆರೆಯೂ ಎರಡು ದಿನ ಮೊದಲಿಂದ ಅಲುಗಾಡಿಸಬ್ಯಾಡ್ರಿ. ಆ ದಿನ ತಾಸೊತ್ತು ಫ್ರಿಜ್‌ನಾಗ ನಿಲ್ಲಸ್ರಿ, 16–18 ಡಿಗ್ರಿಗೆ ಬರಬೇಕು. ಸ್ಕ್ರೂ ತಿರುವಿದ್ರ ಹಳೇ ಬಿರಡೆ ಪುಡಿಯಾಗ್ತದ. ಎರಡು ಚಪ್ಪಟಿ ಕಾಲಿನ ಓಪನರ್ ತಗೊಳ್ರಿ: ಉದ್ದ ಕಾಲು ಮೊದಲ ಬಿರಡೆ-ಗಾಜಿನ ನಡುವ ಇಳಿಸಿ, ಅತ್ತಿತ್ತ ಆಡಿಸುತ್ತ ಪೂರ್ತಿ ಒಳಗ ಹಾಕಿ, ತಿರುವಿ ಎಳೀರಿ. ಮುರಿದ್ರ ಬಿಸಿನೀರಾಗ ತೊಳೆದ, ಸಾಬೂನು ವಾಸನೆ ಇಲ್ಲದ ಮಲ್ಮಲ್ ಬಟ್ಟಿಯಾಗ ಸೋಸ್ರಿ.

ಗಾಜಿನ ಜಗ್ಗಿಗೆ ಸುರಿಯುವಾಗ ಕುತ್ತಿಗಿ ಕೆಳಗ ಟಾರ್ಚ್ ಇಟ್ಟು, ನಡುವ ನಿಲ್ಲಿಸದೇ ಒಂದೇ ಧಾರಿ ಬಿಡ್ರಿ. ಬಾಟಲಿ ಹಿಂದಕ್ಕ ಎತ್ತಿದ್ರ ಗಸಿ ಕದಡ್ತದ. ಕಪ್ಪು ಎಳಿ ಕುತ್ತಿಗಿಗೆ ಬಂದಾಗ ಸಾಕು, ಕಡೀ 50–75 ಮಿ.ಲೀ. ಬಿಡ್ರಿ.

ತೊಯ್ದ ರಟ್ಟಿನ ವಾಸನೆ ಬಂದ್ರ ಬಿರಡೆ ದೋಷ. ವಿನೆಗರ್, ನೇಲ್ ಪಾಲಿಶ್ ಬಂದ್ರ ಹೋದಂಗೇ. ಒಣದ್ರಾಕ್ಷಿ ವಾಸನೆ ಮಾತ್ರಕ್ಕ ಚೆಲ್ಲಬ್ಯಾಡ್ರಿ, ಪೋರ್ಟಿಗೆ ಅದು ಸಹಜ. ಹುಳಿ ಸತ್ತು ಬರೇ ಬೆಂದ ಸಿಹಿ ಉಳಿದಿದ್ರ ಬಿಸಲಿಗೆ ಕೆಟ್ಟದ. ಶೇಂಗಾ ಚಟ್ನಿ ಜೋಡಿ ಬ್ಯಾಡ, ಶೇ. 20ರಷ್ಟು ಆಲ್ಕೋಹಾಲ್ ಇರೂ ಇದು ಖಾರದ ಮ್ಯಾಲ ಗಂಟಲು ಸುಡ್ತದ. ಅಕ್ರೋಟ್ ಛಲೋ. ತೆರೆದ ಮ್ಯಾಲ ಎರಡು ದಿನದಾಗ ಮುಗಸ್ರಿ.

ಉತ್ತರ (ಹೊಸೂರು)
ಸ್ಕಾಚ್ ಪೀಪಾಯಿಯಲ್ಲಿ ಇದ್ದಷ್ಟೇ ಅದರ ವಯಸ್ಸು. ಬಾಟಲಿಯಲ್ಲಿ ನೂರು ವರ್ಷ ಇದ್ದರೂ 12 ವರ್ಷದ್ದೇ. ಅದನ್ನು ಮಾತ್ರ ನಿಲ್ಲಿಸಿಯೇ ಇಡಿ, ಶೇ. 40ರ ಆಲ್ಕೋಹಾಲ್ ಬಿರಡೆಯನ್ನು ತಿಂದುಹಾಕುತ್ತೆ. ಅರ್ಧ ಖಾಲಿಯಾದ ಮೇಲೆ ಸಣ್ಣ ಬಾಟಲಿಗೆ ಹಾಕಿ. ರುಚಿ ನೋಡೋಕೆ 25 ಮಿ.ಲೀ. ಸಾಕು. ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿ, ಆಮೇಲೆ ನಾಲ್ಕು ಹನಿ ನೀರು.

ಪ್ರಶ್ನೆ (ಜತ್ತ)
ಜಗ್ಗಿನ್ಯಾಗ ಎಷ್ಟೊತ್ತು ಬಿಡೂದ್ರಿ?

ಉತ್ತರ (ಸೋಲಾಪುರ)
2003ರದಕ್ಕ ಎರಡು ತಾಸು. ಐವತ್ತು ವರ್ಷದ್ದಾಗಿದ್ರ ಸುರಿದ ಕೂಡಲೇ ಕುಡೀರಿ ಅಂತಿದ್ದೆ, ಅಂಥಾದ್ದರ ಪರಿಮಳ ಗಾಳಿಗೆ ಬಲು ಲಗೂ ಆರ್ತದ.