ಕುಂದಿದ್ದು ಶಕ್ತಿಯೋ ಎಳೆತವೋ? ಹಲ್ಲಿನ ಕ್ಲಿಪ್ ಸಾಮಗ್ರಿಗೆ ‘ಸ್ಟ್ರೆಂತ್’ ಪದಚರ್ಚೆ

ಪ್ರಶ್ನೆ:
ವಕ್ರದಂತ ಚಿಕಿತ್ಸೆಯ (ಜನರ ಮಾತಲ್ಲಿ ‘ಹಲ್ಲಿಗೆ ಕ್ಲಿಪ್ ಹಾಕಿಸುವುದು’) ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಒಂದು ಅಧ್ಯಾಯದ ತಲೆಬರಹ ಸದ್ಯಕ್ಕೆ ‘ಕ್ರಿಮಿನಾಶದಿಂದ ಸಾಮಗ್ರಿಗಳ ಶಕ್ತಿಯ ಮೇಲಾಗುವ ಪರಿಣಾಮ’ ಎಂದಿದೆ. ಎರಡೂ ಪದ ಒಗ್ಗುತ್ತಿಲ್ಲ. ಡಿಸಿನ್ಫೆಕ್ಷನ್, ಸ್ಟೆರಿಲೈಸೇಷನ್ ಇವಕ್ಕೆ ಬೇರೆ ಬೇರೆ ಪದ ಬೇಕು. ಸ್ಟ್ರೆಂತ್ ಅನ್ನುವುದಕ್ಕೆ ತಂತಿ, ಬ್ರಾಕೆಟ್ (ಹಲ್ಲಿಗೆ ಅಂಟಿಸುವ ಪುಟ್ಟ ಬಿಲ್ಲೆ), ಪವರ್ ಚೈನ್ ಮೂರಕ್ಕೂ ಹೊಂದುವ ಒಂದೇ ಪದ ಸಿಕ್ಕರೆ ಒಳ್ಳೆಯದು.

ಉತ್ತರ:
ಒಂದೇ ಪದ ಬೇಡ. ಮೂರರಲ್ಲೂ ಅಳೆಯುವ ಗುಣ ಬೇರೆಬೇರೆ. ಇನ್ನೊಂದು ತೊಡಕೂ ಇದೆ: ಶಾಲೆಯ ಭೌತವಿಜ್ಞಾನದಲ್ಲಿ ‘ಬಲ’ ಅಂದರೆ ನ್ಯೂಟನ್‌ನಲ್ಲಿ ಅಳೆಯುವುದು, ‘ಶಕ್ತಿ’ ಜೂಲ್‌ನಲ್ಲಿ, ‘ಸಾಮರ್ಥ್ಯ’ ವ್ಯಾಟ್‌ನಲ್ಲಿ. ಹತ್ತಿರದ ಮೂರು ಪದಗಳೂ ಆಗಲೇ ಬುಕ್ ಆಗಿವೆ!

ಮೊದಲು ಪವರ್ ಚೈನ್ ನೋಡಿ. ಇದು ರಬ್ಬರಿನಂತೆ ಹಿಗ್ಗುವ ಪಾಲಿಯುರೆಥೇನ್ ಬಳೆಗಳ ಸಾಲು. ಹಿಗ್ಗಿಸಿ ಬ್ರಾಕೆಟ್‌ಗಳಿಗೆ ಸಿಕ್ಕಿಸಿದಾಗ ಹಲ್ಲುಗಳನ್ನು ಒಂದರ ಕಡೆಗೊಂದು ಎಳೆಯುತ್ತದೆ. ಹಾಕುವಾಗ 300 ಗ್ರಾಂ ಎಳೆಯುತ್ತಿದ್ದದ್ದು ಮರುದಿನ 150ಕ್ಕೆ ಇಳಿದರೆ ಚೈನ್ ಹರಿದಿಲ್ಲ, ಸೋತಿದೆ. ಇಲ್ಲಿ ‘ಎಳೆತ’, ‘ಎಳೆತದ ಇಳಿಕೆ’ ಅನ್ನಿ. ಸೋಂಕು ನಿವಾರಿಸುವ ಯಾವ ದ್ರಾವಣವನ್ನೂ ಸೋಕಿಸದೆ ಇದ್ದರೂ ಮೊದಲ 24 ಗಂಟೆಯಲ್ಲೇ ಸುಮಾರು ಅರ್ಧದಷ್ಟು ಎಳೆತ ಹೋಗುವುದು ಸಾಮಾನ್ಯ. ಹಾಗಾಗಿ ದ್ರಾವಣದಲ್ಲಿ ಅದ್ದಿದ ಚೈನನ್ನು ಅಷ್ಟೇ ಹೊತ್ತು ಬರೀ ನೀರಲ್ಲಿಟ್ಟ ಚೈನಿನ ಜೊತೆ ಹೋಲಿಸಬೇಕು. ಎರಡನ್ನೂ ಒಂದೇ ಅಂತರದ ಮೊಳೆಗಳಿಗೆ ಸಿಕ್ಕಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಒಂದನೇ ದಿನ, 7ನೇ ದಿನ, ಹೀಗೆ 28ನೇ ದಿನದವರೆಗೆ ಎಳೆತ ಅಳೆಯುವ ಗೇಜ್ ಹಿಡಿದು ನೋಡುತ್ತಾರೆ. ಇಲ್ಲದಿದ್ದರೆ ಚೈನಿನ ಹುಟ್ಟುಗುಣದ ತಪ್ಪೂ ದ್ರಾವಣದ ತಲೆಗೇ ಬರುತ್ತದೆ. ಬಿಸಿ ಮತ್ತು ನೀರು ಸೇರಿದರೆ ಪಾಲಿಯುರೆಥೇನ್‌ನ ಅಣುಗಳ ಕೊಂಡಿಗಳು ಬಿಡುತ್ತವೆ. ಆದ್ದರಿಂದ ಚೈನನ್ನು ಆಟೋಕ್ಲೇವ್‌ಗೆ (ಒತ್ತಡದ ಬಿಸಿ ಹಬೆಯಲ್ಲಿ ಸ್ಟೆರಿಲೈಸ್ ಮಾಡುವ ಯಂತ್ರ) ಹಾಕಬಾರದು. ಬೇಕಾದಷ್ಟು ಬಳೆಗಳನ್ನು ಶುದ್ಧ ಕತ್ತರಿಯಿಂದ ಮೊದಲೇ ಕತ್ತರಿಸಿಟ್ಟುಕೊಂಡು, ಎಂಜಲು ತಗುಲಿದ ಗ್ಲೌಸ್‌ನಲ್ಲಿ ಚೈನಿನ ಸುರುಳಿ ಮುಟ್ಟದೆ ಇದ್ದರೆ ಅದ್ದುವ ಪ್ರಮೇಯವೇ ಬರುವುದಿಲ್ಲ.

ಬ್ರಾಕೆಟ್‌ನಲ್ಲಿ ಪ್ರಶ್ನೆ ಅಂಟಿನದು. ಕಿತ್ತ ಹಲ್ಲಿಗೆ ಬ್ರಾಕೆಟ್ ಅಂಟಿಸಿ, ಅದರ ಬುಡಕ್ಕೆ ಹಲ್ಲಿನ ಮೇಲ್ಮೈಗುಂಟ ಅಲಗು ಒತ್ತಿ, ಕಳಚಿದ ಕ್ಷಣದ ನ್ಯೂಟನ್ ಅಂಕಿಯನ್ನು ಬುಡದ ವಿಸ್ತೀರ್ಣದಿಂದ ಭಾಗಿಸುತ್ತಾರೆ. 10 ಚದರ ಮಿಲಿಮೀಟರ್ ಬುಡ 80 ನ್ಯೂಟನ್‌ಗೆ ಕಳಚಿದರೆ 8 ಮೆಗಾಪ್ಯಾಸ್ಕಲ್. ಸಾಕಾಗುವ ಮಟ್ಟವೆಂದು ಸಂಶೋಧಕ ರೆನಾಲ್ಡ್ಸ್ 1975ರಲ್ಲಿ ಸೂಚಿಸಿದ ಸುಮಾರು 6ರಿಂದ 8 ಮೆಗಾಪ್ಯಾಸ್ಕಲ್ ಅನ್ನೇ ಇಂದಿಗೂ ಉಲ್ಲೇಖಿಸುತ್ತಾರೆ. ಇದಕ್ಕೆ ‘ಅಂಟಿನ ಹಿಡಿತ’ ಸಾಕು. ‘ಅಪರೂಪಣ ಬಂಧ ಸಾಮರ್ಥ್ಯ’ (ಶಿಯರ್ ಬಾಂಡ್ ಸ್ಟ್ರೆಂತ್) ಎಂದೆಲ್ಲ ಬರೆದರೆ ಓದುವವರು ಪುಟ ತಿರುವುತ್ತಾರೆ.

ತಂತಿಗೆ ‘ತಾಳಿಕೆ’ ಸರಿ, ಅಂದರೆ ತುಂಡಾಗುವವರೆಗೆ ಎಷ್ಟು ಎಳೆತ ತಾಳುತ್ತದೆ ಎಂಬುದು. ಆಟೋಕ್ಲೇವ್‌ನ 121 ಅಥವಾ 134 ಡಿಗ್ರಿ ಸ್ಟೀಲ್ ತಂತಿಯ ಒಳರಚನೆ ಬದಲಿಸುವಷ್ಟು ಬಿಸಿಯಲ್ಲ. ಕಾಟ ಕೊಡುವುದು ಕ್ಲೋರಿನ್. ಹೈಪೋಕ್ಲೋರೈಟ್‌ನಲ್ಲಿ (ಬ್ಲೀಚ್ ದ್ರಾವಣ) ಮರೆತುಬಿಟ್ಟರೆ ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ. ಬಗ್ಗಿಸುವಾಗ ತಂತಿ ಮುರಿಯುವುದು ಅಲ್ಲೇ. ಮುರಿಯದಿದ್ದರೂ ಮೈ ಒರಟಾಗಿ ಬ್ರಾಕೆಟ್‌ನ ತೋಡಿನಲ್ಲಿ ಸಲೀಸಾಗಿ ಜಾರುವುದಿಲ್ಲ. ‘ಗಡಸುತನ’ವನ್ನು ಇಲ್ಲಿ ತರಬೇಡಿ, ಅದು ಗೀರಿಗೆ, ಒತ್ತಿಗೆ ಜಗ್ಗದ ಗುಣ.

ಇನ್ನು ಕ್ರಿಮಿನಾಶ. ‘ಕ್ರಿಮಿನಾಶಕ’ ಅಂದ ಕೂಡಲೇ ಬೆಳೆಗೆ ಹೊಡೆಯುವ ಔಷಧಿ ಕಣ್ಮುಂದೆ ಬರುತ್ತದೆ. ಡಿಸಿನ್ಫೆಕ್ಷನ್‌ಗೆ ‘ಸೋಂಕು ನಿವಾರಣೆ’ ಆಗಲೇ ಬಳಕೆಯಲ್ಲಿದೆ. ಸ್ಟೆರಿಲೈಸೇಷನ್‌ಗೆ ‘ನಿರ್ಜಂತುಕರಣ’ ಇರಲಿ. ವ್ಯತ್ಯಾಸ ಬೀಜಕಣಗಳಲ್ಲಿದೆ (ಸ್ಪೋರ್, ಅಂದರೆ ಬ್ಯಾಕ್ಟೀರಿಯಾದ ಸುಲಭಕ್ಕೆ ಸಾಯದ ಗಟ್ಟಿ ರೂಪ): ಮೊದಲನೆಯದರಲ್ಲಿ ಅವು ಉಳಿಯಬಹುದು, ಎರಡನೆಯದರಲ್ಲಿ ಉಳಿಯಕೂಡದು. ಶೇ. 2ರ ಗ್ಲುಟರಾಲ್ಡಿಹೈಡ್‌ನಲ್ಲಿ 20–30 ನಿಮಿಷ ಇಟ್ಟರೆ ಸೋಂಕು ನಿವಾರಣೆ, 10 ಗಂಟೆ ಇಟ್ಟರೆ ನಿರ್ಜಂತುಕರಣ. ದ್ರಾವಣ ಅದೇ, ಹೊತ್ತು ಬದಲಾದಂತೆ ಪದ ಬದಲು. ಅನುವಾದದಲ್ಲಿ ಇದು ತಪ್ಪಿದರೆ ಓದಿದವರು 20 ನಿಮಿಷಕ್ಕೇ ಉಪಕರಣ ಎತ್ತಿಕೊಳ್ಳುತ್ತಾರೆ. ಎತ್ತಿದ ಮೇಲೆ ಚೆನ್ನಾಗಿ ತೊಳೆಯಬೇಕು ಎಂಬ ವಾಕ್ಯವನ್ನೂ ಬಿಡಬೇಡಿ. ಉಳಿದ ದ್ರಾವಣ ಬಾಯಿಯ ಒಳಪೊರೆಯನ್ನು ಉರಿಸುತ್ತದೆ.

ಇನ್ನೊಬ್ಬರ ಉತ್ತರ:
ಎಳೆತ, ಹಿಡಿತ, ತಾಳಿಕೆ ಮೂರಕ್ಕೂ ಒಪ್ಪಿಗೆ. ‘ನಿರ್ಜಂತುಕರಣ’ಕ್ಕೆ ತಕರಾರು: ‘ಜಂತು’ ಅಂದರೆ ಜನಕ್ಕೆ ಹೊಟ್ಟೆಯ ಹುಳು. ಹಾಗೆಂದು ‘ಸಂತಾನಹರಣ’ದ ಕಡೆಗೆ ಹೋಗುವಂತೆಯೂ ಇಲ್ಲ, ಇಂಗ್ಲಿಷಿನ ಪದ ಅದೇ ಆದರೂ! ದಂತ ಚಿಕಿತ್ಸಾಲಯದಲ್ಲಿ ಎಲ್ಲರೂ ‘ಸ್ಟೆರಿಲೈಸ್ ಮಾಡು’ ಅನ್ನುತ್ತಾರೆ, ಅದನ್ನೇ ಇಟ್ಟುಕೊಳ್ಳಬಹುದು. ತಲೆಬರಹ ಹೀಗಿರಲಿ: ‘ಸೋಂಕು ನಿವಾರಣೆ: ಚೈನಿನ ಎಳೆತ, ಅಂಟಿನ ಹಿಡಿತ, ತಂತಿಯ ತಾಳಿಕೆ’.