ಪ್ಯಾರಾಮೋಟರ್‌ಗೆ ಎಥನಾಲ್ ಇಲ್ಲದ ಪೆಟ್ರೋಲ್: ಉಡುಪಿ, ಮಂಗಳೂರಿನವರ ಅನುಭವ

ಪಡುಬಿದ್ರಿಯಿಂದ ಪ್ರಶ್ನೆ: ಹೊಸದಾಗಿ ಪ್ಯಾರಾಮೋಟರ್ (ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಬಟ್ಟೆಯ ರೆಕ್ಕೆಯಲ್ಲಿ ಹಾರುವ ಸಾಧನ) ತೆಗೆದುಕೊಂಡಿದ್ದೇನೆ. ಟೂ-ಸ್ಟ್ರೋಕ್ ಎಂಜಿನ್. 95 ಆಕ್ಟೇನ್‌ನ, ಎಥನಾಲ್ ಇಲ್ಲದ ಪೆಟ್ರೋಲ್ ಹಾಕಬೇಕು ಎಂದು ಕೈಪಿಡಿಯಲ್ಲಿದೆ. ಇಲ್ಲಿ ಬಂಕ್‌ಗಳಲ್ಲೆಲ್ಲ ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ್ದು. ನೀವೆಲ್ಲ ಏನು ಮಾಡುತ್ತೀರಿ?

ಸುರತ್ಕಲ್‌ನಿಂದ: ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಮೇ ಕೊನೆಯ ಪತ್ತನಾಜೆ ಹೊತ್ತಿಗೆ ಹಾರಾಟ ನಿಲ್ಲಿಸಿದವನು ಅರ್ಧ ಟ್ಯಾಂಕ್ ಪೆಟ್ರೋಲನ್ನು ಹಾಗೇ ಬಿಟ್ಟೆ. ಮುಚ್ಚಳ ಸಡಿಲ ಇತ್ತು, ಮಾಡಿನಿಂದ ಹನಿ ಬೀಳುತ್ತಿತ್ತು. ನವರಾತ್ರಿಗೆ ಹೊರಗೆ ತೆಗೆದು ನೋಡಿದರೆ ತಳದಲ್ಲಿ ಒಂದು ಬೆರಳು ದಪ್ಪದ ಪದರ, ಅಕ್ಕಿ ತೊಳೆದ ನೀರಿನ ಹಾಗೆ. ಅದರ ಮೇಲೆ ಪೆಟ್ರೋಲ್.

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದಾಗ ಎರಡೂ ಸೇರಿ ಪೆಟ್ರೋಲನ್ನು ಬಿಟ್ಟು ಕೆಳಗಿಳಿಯುತ್ತವೆ. ಟೂ-ಸ್ಟ್ರೋಕ್ ಎಂಜಿನ್ ಸವೆಯದಂತೆ ಪೆಟ್ರೋಲ್‌ಗೆ ಬೆರೆಸುವ ಆಯಿಲ್ ಮಾತ್ರ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದಿಂದ ಅಲ್ವಾ? ಅಂದರೆ ಎಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ ನೀರು-ಎಥನಾಲ್. ಎಂಜಿನ್ ಸೀಜ್ ಆಗುವ ಹೊತ್ತಿಗೆ ನೀವು ಸಮುದ್ರದ ಮೇಲಿರಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಎಲ್ಲಿ ಸಿಗುತ್ತದೆ ಎಂಬ ವಿಷಯ. ಬಜ್ಪೆ ವಿಮಾನ ನಿಲ್ದಾಣ ಇಲ್ಲೇ ಇದೆಯಲ್ಲ ಎಂದು ಹಲವರು ಹೇಳುತ್ತಾರೆ. ಅಲ್ಲಿ ಜೆಟ್‌ಗಳಿಗೆ ತುಂಬುವುದು ಎಟಿಎಫ್. ಅದು ಸೀಮೆಎಣ್ಣೆ ಜಾತಿಯದು. ನಮ್ಮ ಎಂಜಿನ್‌ಗೆ ಹಾಕಲೇಬಾರದು. ಸಣ್ಣ ವಿಮಾನಗಳ ಪೆಟ್ರೋಲ್ ಎಂದರೆ ಆವ್‌ಗ್ಯಾಸ್ 100ಎಲ್ಎಲ್, ನೀಲಿ ಬಣ್ಣದ್ದು. 2022ರವರೆಗೆ ಹೊರದೇಶದಿಂದ ಬರುತ್ತಿತ್ತು, ಆಮೇಲೆ ಇಂಡಿಯನ್ ಆಯಿಲ್ ವಡೋದರದಲ್ಲೇ ತಯಾರಿಸಲು ಶುರು ಮಾಡಿತು. ಎಥನಾಲ್ ಇಲ್ಲ, ಆದರೆ ಸೀಸ ಇದೆ, ಲೀಟರಿಗೆ 0.56 ಗ್ರಾಂವರೆಗೂ. ಪ್ಲಗ್‌ನಲ್ಲಿ ಕೂರುತ್ತದೆ. ಬ್ಯಾರಲ್ ಲೆಕ್ಕದಲ್ಲಿ ತರಿಸಿದರೆ ಇನ್ನೊಂದು ತೊಡಕು: ಮಾರಾಟಕ್ಕಲ್ಲದ ಪೆಟ್ರೋಲ್ ಆದರೂ ಲೈಸೆನ್ಸ್ ಇಲ್ಲದೆ 30 ಲೀಟರ್‌ಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ.

ನಾನು ಬೆಂಗಳೂರಿಗೆ ಕಾರಿನಲ್ಲಿ ಹೋದಾಗ ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ತರುತ್ತೇನೆ, ಲೋಹದ ಕ್ಯಾನ್‌ನಲ್ಲಿ. ಬಸ್ಸು, ರೈಲಿನಲ್ಲಿ ತರುವ ಯೋಚನೆ ಬೇಡವೇ ಬೇಡ. ಬೆಲೆ ಜಾಸ್ತಿ. ಆದರೆ ನಮಗೆ ಬೇಕಾಗುವುದು ಎಷ್ಟು ಲೀಟರ್, ಮಾರಾಯ್ರೆ?

ಹೆಸರು ನೋಡಿ ನಂಬಬೇಡಿ. ಪ್ರತಿ ಕ್ಯಾನ್ ಪರೀಕ್ಷಿಸಿ. ಗೆರೆ ಇರುವ ಗಾಜಿನ ಸಿಲಿಂಡರಿನಲ್ಲಿ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್. ಬಾಯಿ ಮುಚ್ಚಿ ಅಲ್ಲಾಡಿಸಿ, ಹತ್ತು ನಿಮಿಷ ಸುಮ್ನೆ ಇಡಿ. ನೀರಿನ ಗೆರೆ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಇಲ್ಲಿನ ಬಂಕಿನ ಪೆಟ್ರೋಲ್‌ಗೆ ಅದು 25 ದಾಟಿತು. 'ಪ್ರೀಮಿಯಂ' ಎಂದು ತಂದದ್ದಕ್ಕೂ ಏರಿತು. ನಾನು ತಂದ 100 ಆಕ್ಟೇನ್‌ಗೆ ಕದಲಲಿಲ್ಲ.

ಹೀಗೇ ನೀರು ಹಾಕಿ ತೊಳೆದು ಎಥನಾಲ್ ತೆಗೆದು ಬಳಸೋಣ ಎಂದು ಹೊರಡಬೇಡಿ. ಎಥನಾಲ್ ಜೊತೆ ಆಕ್ಟೇನ್ ಕೂಡ ಇಳಿಯುತ್ತದೆ. ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿದು ಎಂಜಿನ್ ಬಡಿದುಕೊಳ್ಳುತ್ತದೆ, ಅದೇ ನಾಕ್.

ಕಾರ್ಕಳದಿಂದ: ನನ್ನದು ವಿಮಾನವಲ್ಲ, ತೋಟದಲ್ಲಿ ಹುಲ್ಲು ಹೊಡೆಯುವ ಮೆಷಿನ್. ಕಾರ್ಬುರೇಟರ್ ಅದೇ ಜಾತಿ, ಒಳಗೆ ಡಯಾಫ್ರಂ ಎಂಬ ತೆಳು ಪೊರೆ. ಬಂಕಿನ ಪೆಟ್ರೋಲ್ ಹಾಕಿ ಎರಡು ಮಳೆಗಾಲಕ್ಕೆ ಅದು ಒಣಗಿದ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಪೈಪ್ ಬಗ್ಗಿಸಿದರೆ ಬಿರುಕು. ನೀವು ವರ್ಷಕ್ಕೊಮ್ಮೆ ಎರಡನ್ನೂ ಬದಲಾಯಿಸಿ.

ಮಲ್ಪೆಯಿಂದ: ನಮ್ಮ ದೋಣಿಯ ಔಟ್‌ಬೋರ್ಡ್ ಎಂಜಿನ್ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವಂಥದ್ದು. ಅದಕ್ಕೂ ಪೆಟ್ರೋಲ್‌ನಲ್ಲಿ ನೀರು ಬಂದರೆ ಕೆಲಸ ಕೆಟ್ಟಿತು. ಕೆಳಗೆ ಪಾರದರ್ಶಕ ಬಟ್ಟಲಿರುವ, ನೀರು ಬೇರೆ ಮಾಡುವ ಫಿಲ್ಟರ್ ಹಾಕಿದ್ದೇವೆ. ಬೆಳಿಗ್ಗೆ ಹೊರಡುವ ಮುಂಚೆ ಬಟ್ಟಲು ನೋಡದೆ ಎಂಜಿನ್ ಸ್ಟಾರ್ಟ್ ಮಾಡುವ ಹಗ್ಗ ಎಳೆಯುವುದಿಲ್ಲ.

ಪಡುಬಿದ್ರಿಯಿಂದ: ಎಲ್ಲರಿಗೂ ಧನ್ಯವಾದ. ಬೇರೆ ಪೆಟ್ರೋಲ್ ಸಿಗದ ದಿನ ಇ20 ಹಾಕಿ ಹತ್ತು ನಿಮಿಷ ಹಾರಿದರೆ?

ಸುರತ್ಕಲ್‌ನಿಂದ: ಆ ದಿನ ಹಾರಬೇಡಿ. ದಡದಲ್ಲೇ ರೆಕ್ಕೆ ಬಿಚ್ಚಿ ಗಾಳಿಗೆ ಎತ್ತಿ ಹಿಡಿಯುವ ಅಭ್ಯಾಸ ಮಾಡಿ. ಮುಂದಿನ ವಾರ ನಾನು ಬೆಂಗಳೂರಿಗೆ ಹೋಗುವವನಿದ್ದೇನೆ, ನಿಮಗೂ 5 ಲೀಟರ್ ತರುತ್ತೇನೆ. ಸಿಲಿಂಡರ್ ಮಾತ್ರ ನೀವೇ ತೆಗೆದುಕೊಳ್ಳಿ, ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ನಾನು ತಂದದ್ದನ್ನೂ ಅದರಲ್ಲಿ ನೋಡಿಯೇ ಟ್ಯಾಂಕ್‌ಗೆ ಹಾಕಿ.